ಐಸ್ ಕೋಣೆಯಲ್ಲಿ ಮಾದೇವಿಯ ಕೂಗು

ಕುಮಟಾದ ಕಾಲೇಜೊಂದರಲ್ಲಿ ಹುಡುಗರಿಗೆ ಸಿನಿಮಾದ ಶಬ್ದದ ಬಗ್ಗೆ ಎರಡು ಮಾತು ಹೇಳಬೇಕೆಂದು ಕರೆದಿದ್ದರು. ‘ದೃಶ್ಯವೂ ಶಬ್ದವೂ ಸೇರಿ ಅರ್ಥ ಹುಟ್ಟಿಸುವ ಬಗೆ’ ಎಂದು ತಲೆಬರಹ ಕೊಟ್ಟುಕೊಂಡು ಬರೆದ ನಾಲ್ಕು ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತೂಕಡಿಸುತ್ತಿದ್ದೆ. ಹೊನ್ನಾವರದ ನಿಲ್ದಾಣದಲ್ಲಿ ಒಬ್ಬ ಹೆಂಗಸು ಚೀಲ ಹೊತ್ತುಕೊಂಡು ಹತ್ತಿದಳು. ಹತ್ತಿದ ಅರೆಗಳಿಗೆಯಲ್ಲೇ ಇಡೀ ಬಸ್ಸಿಗೆ ಒಣಶೆಟ್ಲಿಯ ವಾಸನೆ ಹಬ್ಬಿತು. ಒಣಗಿಸಿದ ಸಿಗಡಿಯನ್ನು ಇಲ್ಲಿಯವರು ಹಾಗೆ ಕರೆಯುತ್ತಾರೆ.

ಕಂಡಕ್ಟರು ಮೂಗು ಮುಚ್ಚಿಕೊಂಡ. “ಎಂತ ಮಾರಾಯ್ತಿ ಇದು! ಟಾಪಿನ ಮೇಲೆ ಹಾಕು.”

“ಮಳೆ ಬೀಳ್ತದಲ್ಲ, ಒದ್ದೆ ಆದ್ರೆ ನೀ ಒಣಗ್ಸಿ ಕೊಡ್ತ್ಯಾ?” ಅಂದಳು ಅವಳು.

ಜನ ನಕ್ಕರು. ನಾನು ಕಾಲು ಸರಿಸಿ ಚೀಲಕ್ಕೆ ಜಾಗ ಮಾಡಿಕೊಟ್ಟೆ. ಆಮೇಲೆ ಕುಮಟಾ ಬರುವ ತನಕ ಆ ನಾಲ್ಕು ಹಾಳೆಗಳ ಒಂದು ಅಕ್ಷರವೂ ಕಣ್ಣಿಗೆ ಹತ್ತಲಿಲ್ಲ. ಏಳೆಂಟು ವರ್ಷ ಹಿಂದಿನ ಒಂದು ಮಳೆಗಾಲ ಆ ಚೀಲದೊಳಗಿಂದ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಿತು.

ಆ ವರ್ಷ ಭಟ್ಕಳದ ಹತ್ತಿರ ಬೆಳಕೆಯಲ್ಲಿ ಒಂದು ಸಿನಿಮಾದ ಚಿತ್ರೀಕರಣವಿತ್ತು. ನಾನು ಅದರ ಶಬ್ದಗ್ರಾಹಕ. ಹೆಸರು ದೊಡ್ಡದು, ಕೆಲಸ ಇಷ್ಟೇ: ಉದ್ದ ಕೋಲಿಗೆ ಮೈಕು ಕಟ್ಟಿಕೊಂಡು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಎಲ್ಲರೂ ಬೈಯುವಷ್ಟು ಹೊತ್ತು “ಇನ್ನೊಂದು ಸಲ, ನಾಯಿ ಬೊಗಳಿತು” ಅನ್ನುತ್ತಿರುವುದು. ನನಗೆ ಮೂವತ್ತೆರಡು ವರ್ಷ. ಯಾರ ಕೈಕೆಳಗೂ ಅಲ್ಲದೆ ಸ್ವಂತವಾಗಿ ಸಿಕ್ಕ ಮೊದಲ ಸಿನಿಮಾ. ಆ ಬೇಸಿಗೆಯಲ್ಲಷ್ಟೇ ಅಮ್ಮ ತೀರಿಕೊಂಡಿದ್ದಳು. ಗುಬ್ಬಿ, ರೈಲು, ಗಿರಣಿ, ಸಂತೆ, ಯಾವುದರ ಸದ್ದು ಕೇಳಿದರೂ ತೆಗೆದುಕೊಡಬಲ್ಲ ನನ್ನ ಹತ್ತಿರ ಅಮ್ಮನ ದನಿ ಒಂದು ನಿಮಿಷದ್ದೂ ಇರಲಿಲ್ಲ. ಇದ್ದಾಳಲ್ಲ, ಎಲ್ಲಿ ಹೋಗ್ತಾಳೆ ಅಂದುಕೊಂಡಿದ್ದೆ. ದಾವಣಗೆರೆಯ ಮನೆಗೆ ಬೀಗ ಹಾಕಿ ಬಂದವನು, ಆ ಬೀಗದ ಕೈಯನ್ನು ಪ್ಯಾಂಟಿನ ಜೇಬಿನಲ್ಲಿ ಸುಮ್ಮನೆ ಹೊತ್ತುಕೊಂಡು ತಿರುಗುತ್ತಿದ್ದೆ.

ಉಳಿದವರಿಗೆಲ್ಲ ಭಟ್ಕಳದ ಹೋಟೆಲಿನಲ್ಲಿ ಕೋಣೆ. ನಾನು ಮಾತ್ರ ಪಕ್ಕದ ಜಾಲಿ ಊರಿನಲ್ಲಿ ಒಬ್ಬರ ಮಹಡಿಯ ಕೋಣೆ ಹಿಡಿದೆ, ಸದ್ದು ಕಡಿಮೆ ಇರುತ್ತದೆಂದು. ಕೆಳಗೆ ಮನೆಯವರು ತಮ್ಮೊಳಗೆ ನನಗೆ ತಿಳಿಯದ ನವಾಯತಿ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಮೆಟ್ಟಿಲಲ್ಲಿ ಸಿಕ್ಕಾಗ ಯಜಮಾನರು ಕನ್ನಡದಲ್ಲಿ “ಊಟ ಆಯ್ತಾ?” ಅಂತ ಕೇಳುವರು, ನಾನು “ಆಯ್ತು” ಅನ್ನುವೆ. ಇಡೀ ದಿನದಲ್ಲಿ ಕೆಲಸಕ್ಕೆ ಹೊರತಾದ ಮಾತು ಅದೊಂದೇ. ಬಟ್ಟೆ ಒಣಗುತ್ತಿರಲಿಲ್ಲ, ಬೆಂಕಿಕಡ್ಡಿ ಹತ್ತುತ್ತಿರಲಿಲ್ಲ, ಗೋಡೆಯ ಮೇಲೆ ಹಸಿರು ಪಾಚಿ ದಿನಕ್ಕೊಂದು ಗೇಣು ಏರುತ್ತಿತ್ತು. ಹೆಡ್‌ಫೋನು ಹಾಕಿಕೊಂಡರೆ ಲೋಕವೆಲ್ಲ ಹತ್ತಿರ, ತೆಗೆದರೆ ಯಾರೂ ಇಲ್ಲ. ಎಂಥಾ ಹಾಳು ಉದ್ಯೋಗ ಹಿಡಿದೆನಪ್ಪಾ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಸಿನಿಮಾದ ಕತೆ ಸಣ್ಣದು. ಮಳೆಗಾಲದಲ್ಲಿ ಬೇಡವೆಂದರೂ ಸಣ್ಣ ದೋಣಿ ತಳ್ಳಿಕೊಂಡು ಕಡಲಿಗೆ ಹೋದ ಗಂಡ, ದಡದಲ್ಲಿ ಕಾಯುವ ಹೆಂಡತಿ. ಹೆಂಡತಿಯ ಪಾತ್ರಕ್ಕೆ ನಿರ್ದೇಶಕರು ನಟಿಯನ್ನು ಹುಡುಕಲಿಲ್ಲ. ಭಟ್ಕಳದ ಮೀನು ಪೇಟೆಯಲ್ಲಿ ಮಾದೇವಿಯನ್ನು ಕಂಡು ಅಲ್ಲಿಯೇ ನಿಂತುಬಿಟ್ಟರು. “ಈ ಮುಖಕ್ಕೆ ಸಂಭಾಷಣೆಯೇ ಬೇಡ” ಅಂದರು. ಬೆಳಕೆಯವಳು, ನಲವತ್ತರ ಆಸುಪಾಸು. ಗಂಡ ಗೋವೆಯ ಬೋಟಿನಲ್ಲಿ ದುಡಿಯುತ್ತಿದ್ದ, ವರ್ಷಕ್ಕೆ ಎರಡು ಸಲ ಬರುತ್ತಿದ್ದ. ಮಳೆಗಾಲದ ನಿಷೇಧಕ್ಕೆ ದೊಡ್ಡ ಬೋಟುಗಳು ದಡ ಹತ್ತಿ ಕೂರುವ ಆ ಎರಡು ತಿಂಗಳು ಅವಳಿಗೂ ವ್ಯಾಪಾರ ಕಡಿಮೆ, ಹಾಗಾಗಿ ಒಪ್ಪಿಕೊಂಡಳು.

ನಿರ್ದೇಶಕರು ಮುಖ ಕಂಡರು. ನಾನು ಕೇಳಿದ್ದು ದನಿ. ಇಪ್ಪತ್ತು ವರ್ಷ ಬುಟ್ಟಿ ಹೊತ್ತು ಓಣಿ ಓಣಿಯಲ್ಲಿ ಮೀನು ಕೂಗಿ ಒಡೆದ ದನಿ. ಒಳಮನೆಯಲ್ಲಿ ಒಲೆಯ ಮುಂದಿರುವ ಹೆಂಗಸಿಗೂ “ಬಂದ್ಲು ಮಾದೇವಿ” ಎಂದು ಗೊತ್ತಾಗಬೇಕು, ಪಕ್ಕದ ಓಣಿಯವಳ ದನಿಯೊಂದಿಗೆ ಬೆರೆಯಬಾರದು. ಅಂಥ ದನಿಯನ್ನು ಯಾರೂ ಹಾಡಲು ಕರೆಯುವುದಿಲ್ಲ. ಆದರೆ ಒಂದು ಸಲ ಕೇಳಿದವನು ಮರೆಯುವುದೂ ಇಲ್ಲ.

ಅವಳ ಅಬ್ಬೆ ದುರ್ಗಮ್ಮ. ಎರಡೂ ಕಣ್ಣು ಹೋಗಿ ಹತ್ತು ವರ್ಷವಾಗಿತ್ತು. ಚಿಟ್ಟೆಯ ಮೇಲೆ, ಅಂದರೆ ಜಗಲಿಯ ಕಟ್ಟೆಯ ಮೇಲೆ, ಕಾಲು ಚಾಚಿ ಕೂತು ಬಲೆಯ ಹರುಕನ್ನು ಬೆರಳಿನಲ್ಲೇ ಹುಡುಕಿ ಹೆಣೆಯುತ್ತಿದ್ದಳು. ಮೊದಲ ದಿನವೇ ನನ್ನನ್ನು ವಿಚಾರಿಸಿಕೊಂಡಳು.

“ನೀ ಎಂತ ಕೆಲ್ಸ ಮಾಡೂದು ಮಗಾ?”

“ಶಬ್ದ ಹಿಡಿಯೋದು, ಅಬ್ಬೆ.”

“ಹಿಡ್ದು ಎಂತ ಮಾಡ್ತೆ? ಮಾರ್ತ್ಯಾ?”

“ಒಂಥರಾ ಹಾಗೇ.”

“ನಮ್ಮ ಮಾದೇವಿನೂ ಅದನ್ನೇ ಮಾರೂದು. ಮೀನು ಎಲ್ಲರ ಬುಟ್ಟೀಲೂ ಒಂದೇ, ಕೂಗು ಬೇರೆ” ಅಂದಳು. ನನ್ನ ಕಸುಬಿನ ಬಗ್ಗೆ ಅದಕ್ಕಿಂತ ಒಳ್ಳೆಯ ಮಾತನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಒಂದು ಮನೆಯಲ್ಲಿ ಚಿತ್ರೀಕರಣ ಮುಗಿದ ಮೇಲೆ ಆ ಮನೆಯ ಬರೀ ಮೌನವನ್ನು ಒಂದೆರಡು ನಿಮಿಷ ಹಿಡಿದುಕೊಳ್ಳಬೇಕು. ಮೌನವೂ ಒಂದೊಂದು ಮನೆಗೆ ಒಂದೊಂದು ಥರ. ಮಾತು ಮಾತಿನ ನಡುವೆ ಅದನ್ನು ತುಂಬದಿದ್ದರೆ ತೆರೆಯ ಮೇಲೆ ಶಬ್ದ ಹಳ್ಳ ಬಿದ್ದಂತೆ ಕೇಳುತ್ತದೆ. ಮಾದೇವಿಯ ಮನೆಯೊಳಗೆ ಹತ್ತು ಜನರನ್ನು ಕೂರಿಸಿ, ಮಿಸುಕಬೇಡಿ, ಕೆಮ್ಮಬೇಡಿ ಎಂದು ಕೈಮುಗಿದು ಯಂತ್ರ ಚಾಲೂ ಮಾಡಿದೆ. ಒಂದು ನಿಮಿಷವೂ ಆಗಿರಲಿಲ್ಲ, ಪಕ್ಕದ ಮನೆಯ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಬಂದಳು. “ಅಯ್ಯೋ, ಎಂತ ಆತು? ದುರ್ಗಮ್ಮ ಹೋದ್ಲಾ?” ಎಂದು ಬಾಗಿಲಲ್ಲೇ ಗೋಳೋ ಎಂದಳು. ಅವಳ ಹಿಂದೆ ಇನ್ನಿಬ್ಬರು. ಅಷ್ಟು ಜನ ಒಳಗೆ ಕೂತು ಒಂದು ಪಿಳ್ಳೆಯೂ ಮಾತಾಡದ ಮನೆ ಎಂದರೆ ಆ ಊರಿಗೆ ಒಂದೇ ಅರ್ಥ.

“ಇಲ್ಲೇ ಇದ್ದೆ, ಅಷ್ಟು ಬೇಗ ಹೋಗೂಳಲ್ಲ” ಅಂದಳು ದುರ್ಗಮ್ಮ ಒಳಗಿಂದ. ಅಂದು ನಕ್ಕಷ್ಟು ನಾನು ಆ ಮಳೆಗಾಲದಲ್ಲಿ ಇನ್ಯಾವತ್ತೂ ನಗಲಿಲ್ಲ. ಆದರೆ ಜಾಲಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಾಗ, ನಮ್ಮ ಬೀಗ ಹಾಕಿದ ಮನೆಯೂ ಈಗ ಹಾಗೇ ಕೇಳಿಸುತ್ತಿರಬೇಕಲ್ಲ ಅನ್ನಿಸಿತು.

ಕೆಲಸವಿಲ್ಲದ ದಿನವೂ ನಾನು ಆ ಚಿಟ್ಟೆಗೆ ಹೋಗತೊಡಗಿದೆ. ದುರ್ಗಮ್ಮನ ಕಿವಿಗೆ ಹೆಡ್‌ಫೋನು ಹಾಕಿ ಹಿಂದಿನ ದಿನ ಹಿಡಿದ ಸದ್ದುಗಳನ್ನು ಕೇಳಿಸುತ್ತಿದ್ದೆ. ಒಮ್ಮೆ ಕಡಲ ಮೊರೆತ ಕೇಳಿಸಿ, ಇದನ್ನು ಬಿರುಗಾಳಿಯ ದೃಶ್ಯಕ್ಕೆ ಹಾಕುತ್ತೇನೆ ಅಂದೆ. ಮುದುಕಿ ತಲೆ ಅಲ್ಲಾಡಿಸಿದಳು.

“ಇದು ಬಡಗ ಬದಿದು ಮಗಾ. ಬಡಗ ಬದಿ ಕೂಗಿದ್ರೆ ಹೊಳವು, ಮಳೆ ಬಿಡ್ತದೆ. ತೆಂಕ ಬದಿ ಕೂಗಬೇಕು, ಆವಾಗ ದೋಣಿ ತಳ್ಳೂಕಾಗ.”

ಶಬ್ದ ಎಷ್ಟು ದೊಡ್ಡದು ಎಂಬುದನ್ನು ನಾನು ನೋಡಿದ್ದೆ, ಯಾವ ದಿಕ್ಕಿನದು ಎಂದು ಕೇಳಿಯೇ ಇರಲಿಲ್ಲ. ಅವಳು ಹೇಳಿದ ದಿನ, ಅವಳು ಹೇಳಿದ ಕಡೆ ನಿಂತು ಮತ್ತೆ ಹಿಡಿದೆ. ಅದು ಬೇರೆಯೇ ಸದ್ದು. ಕಲ್ಲು ಉರುಳಿದ ಹಾಗೆ ಕೆಳಗಿನಿಂದ ಬರುವಂಥದ್ದು.

ಮಾದೇವಿಗೂ ನನ್ನ ಕೆಲಸ ತೋರಿಸಿದೆ. ಅವಳು ಕಡಲು ನೋಡುತ್ತ ನಿಂತ ಒಂದು ತುಣುಕು ಚಿತ್ರ, ಹತ್ತಿರದಿಂದ ತೆಗೆದದ್ದು, ಮುಖ ಅಲುಗುವುದೇ ಇಲ್ಲ. ಅದಕ್ಕೆ ಮೊದಲು ತೆಂಕಲ ಮೊರೆತ ಹಾಕಿದೆ. ಆಮೇಲೆ ಅದನ್ನು ತೆಗೆದು ದೂರದಲ್ಲಿ ಒಂದು ಬೋಟಿನ ಎಂಜಿನ್ನು. ಕೊನೆಗೆ ಎಲ್ಲ ತೆಗೆದು ಒಳಮನೆಯಲ್ಲಿ ಮಗು ಅಳುವ ಸದ್ದು. ಮಾದೇವಿ ಮೂರನ್ನೂ ನೋಡಿ ಬೆರಗಾದಳು.

“ಮೊದ್ಲು ಹೆದರ್ಕೆ. ಆಮೇಲೆ ಗಂಡ ಬಂದ ಅಂತ. ಈಗ ಇವಳಿಗೆ ಮಗು ಎತ್ಕಳೂಕೂ ಮನಸ್ಸಿಲ್ಲ. ನಾ ಎಂತದೂ ಮಾಡ್ಲೇ ಇಲ್ವಲ್ಲ ತಮಾ, ಸುಮ್ನೆ ನಿಂತಿದ್ದೆ!”

“ಅದೇ ಅಕ್ಕ. ನೋಡೋದು ನಿನ್ನ ಮುಖ, ನಂಬೋದು ಕಿವಿ.”

“ಹಂಗಾರೆ ನೀನು ದೊಡ್ಡ ಕಳ್ಳ” ಅಂದಳು.

ನಗುತ್ತಲೇ ಅಂದದ್ದು. ದುರ್ಗಮ್ಮ ಬಲೆ ಕೆಳಗಿಟ್ಟು ಕೇಳಿದಳು: “ಸಿನಿಮಾ ಆದ ಮೇಲೆ ನಾ ಬಂದ್ರೆ ಅಡ್ಡಿಲ್ವಾ? ನಂಗೆ ಕಾಣೂದಿಲ್ಲ. ಆದ್ರೆ ಇವಳ ಮಾತು ಕೇಳ್ತದಲ್ಲ. ಅಷ್ಟು ಜನ ಸುಮ್ನೆ ಕೂತು ನಮ್ಮ ಮಾದೇವಿ ಮಾತು ಕೇಳೂದು ಅಂದ್ರೆ! ಪೇಟೇಲಿ ಇವಳ ಬಾಯಿ ಮುಚ್ಸೂರೇ ಎಲ್ಲ.”

“ಮುಂದಿನ ಸಾಲಿನಲ್ಲೇ ಕೂರಿಸ್ತೀನಿ ಅಬ್ಬೆ. ಮಾತು ನಾನು ಹಿಡಿದಿರೋದು, ಎಲ್ಲಿಗೂ ಹೋಗೋದಿಲ್ಲ” ಅಂದೆ. ಯಾರೂ ನನ್ನಿಂದ ಭಾಷೆ ಕೇಳಿರಲಿಲ್ಲ. ನಾನಾಗಿಯೇ ಕೊಟ್ಟೆ.

ಆಷಾಢ ಬಂತು. ಮಳೆ ಎಂದರೆ ಅದು ಮಳೆಯಲ್ಲ, ಆಕಾಶಕ್ಕೆ ತೂತು. ನಿರ್ದೇಶಕರಿಗೆ ಬೇಕಾದದ್ದೂ ಅದೇ. ಚಿತ್ರವೇನೋ ಅದ್ಭುತವಾಗಿ ಬರುತ್ತಿತ್ತು. ನನ್ನ ಹೆಡ್‌ಫೋನಿನಲ್ಲಿ ಮಾತ್ರ ತಗಡಿನ ಮೇಲೆ, ತಾಳೆಗರಿಯ ಮೇಲೆ, ಛತ್ರಿಯ ಮೇಲೆ ಬೀಳುವ ನೀರು ಬಿಟ್ಟು ಬೇರೇನಿಲ್ಲ. ಮಾದೇವಿಯ ಮುಕ್ಕಾಲು ಮಾತು ಅದರಡಿ ಮುಳುಗಿತು.

ಕೊನೆಯ ದೃಶ್ಯದ ದಿನ ಒಂದು ತಕರಾರು ಎದ್ದಿತು. ಹೆಂಡತಿ ದಡದ ತುದಿಗೆ ಓಡಿ ಗಂಡನ ಹೆಸರು ಹಿಡಿದು ಕೂಗಬೇಕೆಂದು ಬರೆದಿತ್ತು. “ಸುಬ್ರಾಯಾ” ಎಂದು. ಮಾದೇವಿ ಒಪ್ಪಲಿಲ್ಲ.

“ಗಂಡನ ಹೆಸ್ರು ಹೇಳೂದಿಲ್ಲ ನಾವು.”

“ಇದು ನಿನ್ನ ಗಂಡ ಅಲ್ಲಮ್ಮ, ಸಿನಿಮಾದ ಗಂಡ” ಅಂದರು ನಿರ್ದೇಶಕರು.

“ಅವಳಿಗೆ ಗಂಡನೇ ಅಲ್ದಾ? ಅವಳೂ ಬೆಳಕೆಯವಳೇ ಅಲ್ದಾ? ದಡದಲ್ಲಿ ನಿಂತು ನಾವು ಹೆಸ್ರು ಕೂಗೂದಿಲ್ಲ. ‘ಓಹೋಯ್’ ಅಂತೇವೆ. ಯಾರ ದನಿ ಅಂತ ಅವರಿಗೆ ಗೊತ್ತಾತದೆ.”

ಬರೆದದ್ದಕ್ಕಿಂತ ಇದೇ ದೊಡ್ಡದು ಎಂದು ನಿರ್ದೇಶಕರು ಒಪ್ಪಿಕೊಂಡರು. ಒಳ್ಳೆಯ ಮನುಷ್ಯ, ಅದನ್ನು ಈಗಲೂ ಹೇಳುತ್ತೇನೆ. ಕ್ಯಾಮೆರಾವನ್ನು ಅವಳ ಬೆನ್ನ ಹಿಂದೆ ಇಟ್ಟರು. ಮುಖ ಕಾಣದು. ಎದುರಿಗೆ ಬೂದುಬಣ್ಣದ ಕಡಲು, ಸಣ್ಣ ಬೆನ್ನು, ಆ ಕೂಗು. ಇಡೀ ಸಿನಿಮಾ ಆ ಕೂಗಿನ ಮೇಲೆ ನಿಂತಿತ್ತು. ಮಳೆ ಅದನ್ನೂ ನುಂಗಿತು.

ಚಿತ್ರೀಕರಣ ಮುಗಿದು ಎಲ್ಲರೂ ಬೆಂಗಳೂರಿಗೆ ಹೊರಟರು. ಊರಿನ ಸದ್ದು ಹಿಡಿದುಕೊಂಡು ಬರುತ್ತೇನೆಂದಷ್ಟೇ ಹೇಳಿ ನಾನು ಹತ್ತು ದಿನ ಹೆಚ್ಚು ಉಳಿದೆ. ಮಾದೇವಿಯ ಎಲ್ಲ ಮಾತುಗಳನ್ನೂ ಮಳೆಯಿಲ್ಲದ ಕಡೆ ಮತ್ತೊಮ್ಮೆ ಹಿಡಿಯಬೇಕಿತ್ತು. ಅಂಥ ಜಾಗ ಆ ಊರಲ್ಲಿ ಎಲ್ಲಿ? ಬಂದರಿನಲ್ಲಿ ಐಸ್ ಇಡುವ ಕೋಣೆಯೊಂದು ಕಣ್ಣಿಗೆ ಬಿತ್ತು. ಬೋಟು ಇಲ್ಲದ ತಿಂಗಳಲ್ಲಿ ಅದು ಖಾಲಿ. ಗೋಡೆಗೆ ಗೇಣುದಪ್ಪ ಥರ್ಮಾಕೋಲು, ಬಾಗಿಲು ಮುಚ್ಚಿದರೆ ಹೊರಗಿನ ಲೋಕ ಇಲ್ಲವೇ ಇಲ್ಲ. ಬೆಂಗಳೂರಿನ ಯಾವ ಸ್ಟುಡಿಯೋವೂ ಅಷ್ಟು ಮೌನವಾಗಿರಲಿಲ್ಲ. ಹಳೇ ಮೀನಿನ ನಾತ ಮಾತ್ರ ಮೂಗಿಗೆ ಬಡಿಯುತ್ತಿತ್ತು. ಮಳೆ ಬಿಟ್ಟ ಒಂದು ಮಧ್ಯಾಹ್ನ ಅಬ್ಬೆ ಮಗಳಿಬ್ಬರನ್ನೂ ರಿಕ್ಷಾದಲ್ಲಿ ಕರೆತಂದೆ. ದುರ್ಗಮ್ಮ ಬೋರಲು ಹಾಕಿದ ಕ್ರೇಟಿನ ಮೇಲೆ ಕೂತಳು.

ಮಾದೇವಿ ಮೈಕಿನ ಮುಂದೆ ನಿಂತದ್ದೇ ತಡ, ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗಿಯಾಗಿಬಿಟ್ಟಳು. ಐದು ಸಲ ಮಾಡಿದೆವು, ಹತ್ತು ಸಲ ಮಾಡಿದೆವು. ಜೀವವೇ ಇಲ್ಲ. ನನಗೆ ಸಿಟ್ಟು ಬಂತು, ಅವಳಿಗೆ ಅಳು ಬಂತು.

“ತಲೆ ಹಗುರ ಆದ್ರೆ ನಂಗೆ ದನಿ ಹೊರಡೂದಿಲ್ಲ ತಮಾ” ಅಂದಳು ಕೊನೆಗೆ.

“ಬುಟ್ಟಿ ಹೊತ್ಕಳೇ” ಅಂದಳು ದುರ್ಗಮ್ಮ.

ಹೊರಗೆ ಹೋಗಿ ಒಂದು ಬುಟ್ಟಿ ತಂದೆ. ಬರೀ ಬುಟ್ಟಿ ಸಾಲದೆಂದು ಅದಕ್ಕೆ ತೂಕದ ಕಲ್ಲು ಹಾಕಿದೆ. ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡು, ಕುತ್ತಿಗೆ ನೆಟ್ಟಗೆ ಮಾಡಿ, ಒಂದು ಕೈ ಸೊಂಟಕ್ಕಿಟ್ಟು ಬಾಯಿ ತೆರೆದಳು ನೋಡಿ! ಊಟಕ್ಕೆ ಕರೆಯುವ ಮಾತು, ಜಗಳದ ಮಾತು, ಗಂಡನನ್ನು ತಡೆಯುವ ಮಾತು, ಎಲ್ಲವೂ ಒಂದೇ ಉಸಿರಿಗೆ ಬಂದವು. ಕೊನೆಗೆ ಆ ಕೂಗು. “ಓಹೋಯ್” ಎಂದು ಮೊದಲು ಪೇಟೆಯವಳ ಹಾಗೆ ಗಟ್ಟಿಯಾಗಿ ಎದ್ದು, ನಡುವೆ ಒಡೆದು, ಆಮೇಲೆ ಬರೀ ಗಾಳಿಯಾಗಿ ಮುಗಿಯಿತು. ಹೆಡ್‌ಫೋನಿನೊಳಗೆ ಅದನ್ನು ಕೇಳುತ್ತ ನಾನು ಅತ್ತೆ. ನಾಚಿಕೆಯೇನಿಲ್ಲ ಹೇಳಲಿಕ್ಕೆ. ಅಮ್ಮ ಹೋದಾಗ ಬಾರದ ಅಳು ಆ ಮೀನುನಾತದ ಕೋಣೆಯಲ್ಲಿ ಬಂತು.

ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತೆವು. ನಿರ್ಮಾಪಕರೂ ಬಂದಿದ್ದರು. ಮೊದಲ ಹತ್ತು ನಿಮಿಷ ನೋಡಿ, “ಮುಖ ಚೆನ್ನಾಗಿದೆ. ಈ ಗಂಟಲನ್ನ ಎರಡು ಗಂಟೆ ಯಾರು ಕೇಳ್ತಾರೆ? ಒಳ್ಳೆ ದನಿಯವಳ ಹತ್ರ ಡಬ್ಬಿಂಗ್ ಮಾಡಿಸಿ” ಅಂದರು. ನಿರ್ದೇಶಕರು ಮುಖ ಕೆಂಪು ಮಾಡಿಕೊಂಡರು. “ಈ ದನಿ ಇಲ್ಲದೆ ಈ ಮುಖಕ್ಕೆ ಅರ್ಥ ಇಲ್ಲ” ಅಂದರು. ಆಮೇಲೆ ನನ್ನ ಕಡೆ ತಿರುಗಿದರು. “ಶುದ್ಧವಾಗಿ ಹಿಡಿದದ್ದು ನಿನ್ನ ಹತ್ರ ಇದ್ರೆ ಹೇಳು. ಇದ್ರೆ ನಾನು ಒಂದಕ್ಷರ ಬದಲಿಸೋಕೆ ಬಿಡಲ್ಲ.”

ಇತ್ತು. ಕಾಲಬಳಿಯ ಚೀಲದಲ್ಲೇ ಇತ್ತು. ಆದರೆ ಅದೇ ಬೆಳಿಗ್ಗೆ ಚಹಾ ಕುಡಿಯುವಾಗ ನಿರ್ಮಾಪಕರು ನನ್ನ ಹೆಗಲ ಮೇಲೆ ಕೈಹಾಕಿ, “ಮುಂದಿನ ದೊಡ್ಡ ಸಿನಿಮಾ ನಿಂದೇ” ಅಂದಿದ್ದರು. ಈಗ ಅವರು ನನ್ನನ್ನೇ ನೋಡುತ್ತಿದ್ದರು. ನನಗೆ ಬೀಗ ಹಾಕಿದ ಮನೆ ನೆನಪಾಯಿತು, ಕೆಲಸವಿಲ್ಲದೆ ಅಲ್ಲಿಗೆ ಹಿಂದಿರುಗಿ ಒಬ್ಬನೇ ಕೂರುವುದು ನೆನಪಾಯಿತು.

“ಎಲ್ಲದರ ಮೇಲೂ ಮಳೆ ಬಿದ್ದುಬಿಟ್ಟಿದೆ ಸರ್” ಅಂದೆ.

ಐದೇ ಐದು ಪದ. ಬೇರೆಯವಳು ಬಂದು ಎರಡು ದಿನದಲ್ಲಿ ಎಲ್ಲ ಮಾತಾಡಿ ಹೋದಳು. ಅವಳದೇನೂ ತಪ್ಪಿಲ್ಲ, ಕಸುಬು ಬಲ್ಲವಳು, ತುಟಿಗೆ ತುಟಿ ಕೂರಿಸಿದಳು. ಕೊನೆಯ ಕೂಗಿನಲ್ಲಿ ಮುಖ ಕಾಣುವುದಿಲ್ಲವಲ್ಲ, ಏನು ಬೇಕಾದರೂ ಹಾಕಬಹುದು. ‘ಓಹೋಯ್’ ಅಂದರೆ ಯಾರಿಗೆ ಅಂತ ಪ್ರೇಕ್ಷಕರಿಗೆ ತಿಳಿಯೋದಿಲ್ಲ, ಹೆಸರೇ ಇರಲಿ ಅಂದರು ನಿರ್ಮಾಪಕರು. ನಿರ್ದೇಶಕರು ಆ ಹೊತ್ತಿಗೆ ಸೋತು ಹೋಗಿದ್ದರು. ನಾನು ಗುಂಡಿ ಒತ್ತಿದೆ.

ಡಿಸೆಂಬರಿನಲ್ಲಿ ಹೊನ್ನಾವರದ ಒಂದು ಸಭಾಭವನದಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕಿನವರಿಗೆಂದು ಮಧ್ಯಾಹ್ನದ ಪ್ರದರ್ಶನ ಇಟ್ಟರು. ಬೆಳಕೆಯ ಜನ ಟೆಂಪೋ ಮಾಡಿಕೊಂಡು ಬಂದರು. ಮೊದಲೇ ಹೇಳಿಬಿಡೋಣ ಎಂದುಕೊಂಡು ಹೋದವನು ನಾನು. ಬಾಗಿಲಲ್ಲೇ ದುರ್ಗಮ್ಮ ನನ್ನ ಹೆಜ್ಜೆ ಗುರುತು ಹಿಡಿದು “ಬಂದ್ಯಾ ಮಗಾ” ಎಂದು ಕೈಹಿಡಿದಳು. ಹೊಸ ಸೀರೆ, ತಲೆಗೆ ಎಣ್ಣೆ, ಅಬ್ಬಲಿಗೆ ಹೂವಿನ ದಂಡೆ. ಹೇಳದೆಯೇ ಅವಳನ್ನು ಒಳಗೆ ಕರೆದುಕೊಂಡು ಹೋದೆ. ಮುಂದಿನ ಸಾಲಿನಲ್ಲಿ ಅವಳ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಮಾದೇವಿ ಕೂತೆವು.

ದೀಪ ಆರಿತು. ತೆರೆ ಇನ್ನೂ ಕಪ್ಪಗಿರುವಾಗಲೇ ಕಡಲು ಮೊರೆಯಲು ಶುರುವಾಯಿತು. ಚಿತ್ರಕ್ಕಿಂತ ಮುಂಚೆ ಶಬ್ದ ಬಂದರೆ ನೋಡುವವನ ಎದೆ ಮೊದಲೇ ಸಜ್ಜಾಗುತ್ತದೆ, ಅದು ನಮ್ಮ ಉಪಾಯ. ದುರ್ಗಮ್ಮ ನನ್ನ ಕೈ ಅದುಮಿದಳು. “ತೆಂಕಿಂದೇ ಹಾಕಿದ್ಯಲ್ಲ. ಮಳೆ ಬತ್ತದೆ ಈಗ.” ತೆರೆಯ ಮೇಲೆ ಮಳೆ ಬಂತು.

ಮಾದೇವಿಯ ಮುಖ ತೆರೆ ತುಂಬ ಅರಳಿತು. ಬೆಳಕೆಯವರು ಶಿಳ್ಳೆ ಹೊಡೆದರು. ಆ ಮುಖ ಬಾಯಿ ತೆರೆದು, ಜೇನು ಸವರಿದ ದನಿಯಲ್ಲಿ, “ಊಟ ಮಾಡಿಕೊಂಡು ಹೋಗಿ, ಗಾಳಿ ಸರಿಯಿಲ್ಲ” ಅಂದಿತು.

“ಇದ್ಯಾರು? ಮಾದೇವಿ ಯಾವಾಗ ಬತ್ತಾಳೆ?” ಅಂದಳು ದುರ್ಗಮ್ಮ.

ಮಾದೇವಿ ಅಬ್ಬೆಯ ತಲೆಯ ಮೇಲಿಂದ ನನ್ನನ್ನು ನೋಡಿದಳು. ನಾನು ತೆರೆ ನೋಡುತ್ತ ಕೂತೆ. ತೆರೆಯ ಮೇಲೆ ಅವಳು ಇನ್ನೊಂದು ಮಾತಾಡಿದಳು, ಮತ್ತೊಂದು.

“ಹುಡುಗ್ರು ಕೂಗ್ತಾರಲ್ಲ, ಬಂದ್ಲಾ? ನಂಗೆ ಕೇಳ್ಲಿಲ್ವಲ್ಲ ಮಗಾ.”

ಆಗ ಮಾದೇವಿ ಅಬ್ಬೆಯ ಕಿವಿಗೆ ಬಾಗಿದಳು. ತೆರೆಯ ಮೇಲಿನ ತನ್ನ ತುಟಿಯನ್ನೇ ನೋಡುತ್ತ, ಒಂದೊಂದು ಮಾತನ್ನೂ ಅದು ಅಲುಗುವ ಹೊತ್ತಿಗೆ ಸರಿಯಾಗಿ, ಮೆಲ್ಲಗೆ ಹೇಳತೊಡಗಿದಳು. ಒಂದೂ ಮರೆತಿರಲಿಲ್ಲ. ದುರ್ಗಮ್ಮನ ಮುಖ ಅರಳಿತು. “ಹಾಂ, ಈಗ ಬಂದ್ಲು” ಅಂದಳು. ಹಿಂದಿನ ಸಾಲಿನವರು ಯಾರೋ “ಹೋಯ್, ಮಾತಾಡ್ಬೇಡಿ, ಸಿನಿಮಾ ಕೇಳ್ತಿಲ್ಲ” ಎಂದು ಗದರಿದರು. ಮಾದೇವಿ ದನಿ ಇನ್ನೂ ಇಳಿಸಿದಳು. ಎರಡು ಗಂಟೆ, ಗಂಟಲು ಒಣಗಿದರೂ, ಅವಳು ನಿಲ್ಲಿಸಲಿಲ್ಲ. ನನ್ನ ಪಕ್ಕದಲ್ಲಿ ಆ ಪಿಸುಮಾತು, ಎದುರಿಗೆ ನಾನು ಕೂರಿಸಿದ ಸಿಹಿ ದನಿ. ಎದ್ದು ಓಡಿಹೋಗಬೇಕೆನಿಸಿತು.

ಕೊನೆಗೆ ಬೂದುಬಣ್ಣದ ಕಡಲು ಬಂತು. ಸಣ್ಣ ಬೆನ್ನು ದಡದ ತುದಿಗೆ ಓಡಿತು. ಮಾದೇವಿ ಸುಮ್ಮನಾದಳು. ಕೂಗನ್ನು ಪಿಸುಗುಟ್ಟುವುದು ಹೇಗೆ?

“ಎಂತ, ನಿಲ್ಸಿದ್ಯಲ್ಲ? ಮುಂದೆ?” ಅಂದಳು ದುರ್ಗಮ್ಮ.

ಅಷ್ಟರಲ್ಲಿ ಸಭಾಭವನದ ತುಂಬ “ಸುಬ್ರಾಯಾ” ಎಂಬ ಕೂಗು ಎದ್ದಿತು. ಆಮೇಲೆ ಬೆಳಕೆಯವರ ಸಾಲಿನಿಂದ ಒಬ್ಬಳು ಕಿಸಕ್ಕೆಂದಳು, ಇನ್ನೊಬ್ಬಳು ಸೆರಗು ಬಾಯಿಗಿಟ್ಟುಕೊಂಡಳು, ಮರುಗಳಿಗೆ ಇಡೀ ಭವನ ಹೋ ಎಂದು ನಕ್ಕಿತು. “ಏ ಮಾದೇವಿ, ಗಂಡನ ಹೆಸ್ರು ಹಿಡ್ದು ಕೂಗ್ದ್ಯಲ್ಲೇ!” ಜನ ಏಕೆ ನಗುತ್ತಾರೆಂದು ತಿಳಿಯದೆ ನಿರ್ಮಾಪಕರು ಹಿಂತಿರುಗಿ ಹಿಂತಿರುಗಿ ನೋಡಿದರು.

“ಯಾರೇ ಅದು ಕೂಗಿದ್ದು?” ಅಂದಳು ದುರ್ಗಮ್ಮ.

“ಯಾರೋ ಬೆಂಗ್ಳೂರಿನೋರು, ಅಬ್ಬೆ.”

“ಹಂಗಾರೆ ನೀ ಎಲ್ಲಿ?”

ದೀಪ ಹತ್ತಿತು.

ಹೊರಗೆ ಟೆಂಪೋದ ಹತ್ತಿರ ಅವಳಿಗೆ ಎಲ್ಲ ಹೇಳಿದೆ. ಐಸ್ ಕೋಣೆಯದ್ದು ನನ್ನ ಹತ್ತಿರವೇ ಇದೆ, ಕೇಳಿದಾಗ ಇಲ್ಲವೆಂದೆ, ಮುಂದಿನ ಕೆಲಸದ ಆಸೆಗೆ ಬಿದ್ದು ಸುಳ್ಳು ಹೇಳಿದೆ ಅಂದೆ. ಬೈಯುತ್ತಾಳೆ, ಬೈದರೆ ನನಗೂ ಹಗುರವಾದೀತು ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ.

“ನಾಳೆ ಪೇಟೆಗೆ ಬುಟ್ಟಿ ತಕಂಡು ಹೋಗ್ಬೇಕಲ್ಲ ತಮಾ” ಅಂದಳು. “ನಾ ಕೂಗೂಕೆ ಮೊದ್ಲೇ ಅವ್ರೆಲ್ಲ ಆ ಹೆಸ್ರು ಕೂಗ್ತಾರೆ. ಅದಕ್ಕೆ ಎಂತ ಮಾಡೂದು, ಹೇಳು.” ಅಷ್ಟು ಹೇಳಿ ಅಬ್ಬೆಯ ತೋಳು ಹಿಡಿದು ಟೆಂಪೋ ಹತ್ತಿಸಿದಳು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಬೆಳಕೆಗೆ ಹೋದೆ. ಮಾದೇವಿ ಬುಟ್ಟಿ ಹೊತ್ತು ಹೋಗಿಯಾಗಿತ್ತು. ದುರ್ಗಮ್ಮ ಚಿಟ್ಟೆಯ ಮೇಲಿದ್ದಳು. ನಿನಗೆ ಕೇಳಿಸಬೇಕಾದ್ದು ನನ್ನ ಹತ್ತಿರ ಇದೆ ಅಬ್ಬೆ, ಎಂದು ಅವಳ ಕಿವಿಗೆ ಹೆಡ್‌ಫೋನು ಇಟ್ಟು, 'ಐಸ್ ಕೋಣೆ' ಎಂದು ಬರೆದಿಟ್ಟಿದ್ದ ಕಡತವನ್ನು ಮೊದಲಿಂದ ಹಾಕಿದೆ. ಊಟಕ್ಕೆ ಕರೆದದ್ದು, ಜಗಳ, ತಡೆದದ್ದು, ಕೊನೆಗೆ ಆ ಕೂಗು. ಅವಳು ಕದಲದೆ ಪೂರಾ ಕೇಳಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಏನಾದರೂ ಒಂದು ಅಂದಾಳು, ಕಣ್ಣೀರಾದರೂ ಹಾಕಿಯಾಳು ಎಂದು ಆಸೆಪಟ್ಟೆ. ಸುಳ್ಳೇಕೆ, ಕ್ಷಮೆಯ ಆಸೆ.

ಮುದುಕಿ ಹೆಡ್‌ಫೋನು ತೆಗೆದಳು. ತಡವಿ ನನ್ನ ಕೈ ಹುಡುಕಿ, ಅದನ್ನು ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

“ಇದನ್ನ ನಾ ದಿನಾ ಮನೇಲೇ ಕೇಳ್ತೆ ಮಗಾ” ಅಂದಳು. “ಆ ಅಷ್ಟು ಜನ ಸುಮ್ನೆ ಕೂತು ಇದನ್ನ ಕೇಳೂದನ್ನ ಕೇಳೂಕೆ ನಿನ್ನೆ ಬಂದಿದ್ದೆ.”